ಗೇಟು ಹಾಕಿದ್ದಕ್ಕೇ ಆನೆ ಬಂತಾ? ಮನುಷ್ಯರಿಂದ ಕಾಡುಪ್ರಾಣಿಗಳ ನಡವಳಿಕೆ ಬದಲಾಗಿದೆ ಎಂದು ತಿಳಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಡ್ಲುಪೇಟೆ ದಾಟಿ ಊಟಿಗೋ ಸುಲ್ತಾನ್ ಬತ್ತೇರಿಗೋ ಹೋಗುವವರಿಗೆಲ್ಲ ಇದು ಗೊತ್ತು. ರಾತ್ರಿ 9ಕ್ಕೆ ಬಂಡೀಪುರದ ಗೇಟು ಬೀಳುತ್ತದೆ, ಬೆಳಿಗ್ಗೆ 6ಕ್ಕೆ ಏಳುತ್ತದೆ. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳನ್ನು ಬಿಟ್ಟರೆ ನಡುವಿನ ಒಂಬತ್ತು ಗಂಟೆ ರಸ್ತೆ ಕಾಡಿನದು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಈ ಆದೇಶ ಹೊರಡಿಸಿದರು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಒಂದೇ ವಾದ: ಇದರಿಂದ ಪ್ರಾಣಿಗಳಿಗೆ ಉಪಯೋಗ ಆಯಿತಾ, ಇಲ್ವಾ?

ನಾನು ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ, ಅಂದರೆ ಪ್ರಾಣಿ ಎದುರಿಗೆ ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳಲ್ಲಿ ಬಿದ್ದ ಚಿತ್ರಗಳನ್ನು ಲೆಕ್ಕ ಹಾಕುವ ಕೆಲಸ ಮಾಡುತ್ತೇನೆ. ವಿದ್ಯಾರ್ಥಿಗಳು, ತೋಟದವರು, ಕಾಡಿನ ಸಿಬ್ಬಂದಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಗೇಟು ಹಾಕಿದ ಮೇಲೆ ರಸ್ತೆ ಪಕ್ಕ ಪ್ರಾಣಿ ಜಾಸ್ತಿ ಕಾಣುತ್ತವೆ. ಇದಕ್ಕಿಂತ ಇನ್ನೇನು ಪುರಾವೆ ಬೇಕು?

ಯಾವಾಗಿಗಿಂತ ಜಾಸ್ತಿ? ಮೊದಲು ಇದನ್ನು ಕೇಳಿಕೊಳ್ಳಬೇಕು.

ಆದೇಶ ಬಂದದ್ದು ಜೂನ್‌ನಲ್ಲಿ, ಮುಂಗಾರು ಹಿಡಿಯುವ ಹೊತ್ತಿಗೆ. ಬೇಸಿಗೆಯಲ್ಲಿ ಕಾಡಿನ ಕೆರೆಗಳು ಒಣಗುತ್ತವೆ. ಆಗ ಆನೆಗಳು ಕಬಿನಿ ಹಿನ್ನೀರಿನ ಕಡೆ ಸೇರುತ್ತವೆ. ಮಳೆ ಬಿದ್ದು ಎಲ್ಲೆಡೆ ಹುಲ್ಲು ನೀರು ಸಿಕ್ಕಾಗ ಚದುರುತ್ತವೆ. ಈಗ ಒಬ್ಬರು ಏಪ್ರಿಲ್‌ನಲ್ಲಿ ರಸ್ತೆ ಪಕ್ಕದ ಆನೆ ಎಣಿಸಿದರು ಅಂದುಕೊಳ್ಳಿ. ಗೇಟು ಹಾಕಿದ ಮೇಲೆ ಆಗಸ್ಟ್‌ನಲ್ಲಿ ಮತ್ತೆ ಎಣಿಸಿದರು. ಸಂಖ್ಯೆ ಬೇರೆಯಾಗಿಯೇ ಇರುತ್ತದೆ. ಆದರೆ ಅದು ಗೇಟಿನ ಕೆಲಸವೋ ಮಳೆಯ ಕೆಲಸವೋ? ಆ ಎರಡು ಸಂಖ್ಯೆಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ.

ಕಾಸಲ್ ಇನ್ಫರೆನ್ಸ್ ಅಂದರೆ ಏನು? ಸರಳವಾಗಿ ಹೇಳಿ.

ಒಂದಕ್ಕೆ ಇನ್ನೊಂದು ನಿಜಕ್ಕೂ ಕಾರಣವೇ, ಹೌದಾದರೆ ಎಷ್ಟರ ಮಟ್ಟಿಗೆ ಎಂದು ಡೇಟಾದಿಂದ ಪತ್ತೆ ಮಾಡುವ ವಿಧಾನಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು.

ಗೇಟು ಬಿದ್ದ ರಾತ್ರಿ ಬಂಡೀಪುರದ ಮೂಲೆಹೊಳೆ ಹತ್ತಿರ ಹತ್ತು ಆನೆ ರಸ್ತೆ ದಾಟಿದವು ಅನ್ನೋಣ. ಅದೇ ರಾತ್ರಿ, ಅದೇ ಜಾಗ, ಅದೇ ಆನೆಗಳು, ಗೇಟು ಮಾತ್ರ ತೆರೆದಿದ್ದರೆ ಎಷ್ಟು ದಾಟುತ್ತಿದ್ದವು? ಈ ಎರಡರ ನಡುವಿನ ಅಂತರವೇ ಗೇಟಿನ ಪರಿಣಾಮ. ತೊಂದರೆ ಏನೆಂದರೆ ಎರಡರಲ್ಲಿ ಒಂದನ್ನು ಮಾತ್ರ ನಾವು ನೋಡಬಹುದು. ಇನ್ನೊಂದು ನಡೆಯಲೇ ಇಲ್ಲ. ನಡೆಯದ ಆ ರಾತ್ರಿಗೆ ಹತ್ತಿರವಾದ ಒಂದು ನಂಬುವಂಥ ಬದಲಿಯನ್ನು ಹುಡುಕುವುದೇ ಇಡೀ ಕೆಲಸ. ಕೆಳಗೆ ಬರುವ ವಿಧಾನಗಳೆಲ್ಲ ಆ ಬದಲಿಯನ್ನು ಹುಡುಕುವ ಬೇರೆ ಬೇರೆ ದಾರಿಗಳು.

ಕಾಡಿನಲ್ಲಿ ಪ್ರಯೋಗ ಮಾಡೋಕೆ ಆಗಲ್ಲ ಅಲ್ವಾ?

ಆಗುತ್ತದೆ. ನನಗೆ ತುಂಬ ಇಷ್ಟವಾದ ಎರಡು ಪ್ರಯೋಗಗಳನ್ನು ಹೇಳುತ್ತೇನೆ.

ಮೊದಲನೆಯದು ಅಮೆರಿಕದ ಇಡಾಹೊ ರಾಜ್ಯದ್ದು. ರಸ್ತೆ ಪಕ್ಕ ಹಕ್ಕಿಗಳು ಕಡಿಮೆ ಎಂಬುದು ಎಷ್ಟೋ ಕಡೆ ಕಂಡಿತ್ತು. ಆದರೆ ರಸ್ತೆ ಎಂದರೆ ಒಂದೇ ಸಂಗತಿ ಅಲ್ಲ. ಮರ ಕಡಿದಿರುತ್ತಾರೆ, ಹೊಗೆ ಇರುತ್ತದೆ, ಬೆಳಕು ಇರುತ್ತದೆ, ಗಾಡಿಗೆ ಸಿಕ್ಕಿ ಸಾಯುವುದೂ ಇರುತ್ತದೆ. ಇವುಗಳಲ್ಲಿ ಬರೀ ಸದ್ದಿನ ಪಾಲೆಷ್ಟು? ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ರಸ್ತೆಯೇ ಇಲ್ಲದ ಕಾಡಿನಲ್ಲಿ ಅರ್ಧ ಕಿಲೋಮೀಟರ್ ಉದ್ದಕ್ಕೆ ಸ್ಪೀಕರ್‌ಗಳನ್ನು ಸಾಲಾಗಿ ಕಟ್ಟಿದರು. ವಲಸೆ ಹಕ್ಕಿಗಳು ಇಳಿಯುವ ಕಾಲದಲ್ಲಿ ನಾಲ್ಕು ದಿನ ಗಾಡಿಗಳ ಸದ್ದು ಹಾಕಿದರು, ನಾಲ್ಕು ದಿನ ನಿಲ್ಲಿಸಿದರು. ಹೀಗೆ ಮತ್ತೆ ಮತ್ತೆ ಮಾಡಿದರು. ಸದ್ದಿದ್ದ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಉಳಿದುಕೊಂಡವುಗಳಲ್ಲಿ ಕೆಲವು ಜಾತಿಯ ಹಕ್ಕಿಗಳು ಸೊರಗಿದವು ಎಂದು 2015ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದು ಗಾಡಿಯೂ ಓಡಿರಲಿಲ್ಲ. ಸ್ವಿಚ್ಚು ಸಂಶೋಧಕರ ಕೈಯಲ್ಲೇ ಇತ್ತು. ಹಾಗಾಗಿ ಕಾರಣ ಸದ್ದೇ ಎಂದು ಗಟ್ಟಿಯಾಗಿ ಹೇಳಬಹುದು.

ಎರಡನೆಯದು ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ್ದು, 2023ರಲ್ಲಿ ಪ್ರಕಟವಾದದ್ದು. ನೀರಿನ ಗುಂಡಿಗಳ ಹತ್ತಿರ ಕ್ಯಾಮೆರಾ ಮತ್ತು ಸ್ಪೀಕರ್ ಇಟ್ಟರು. ಪ್ರಾಣಿ ಎದುರಿಗೆ ಬಂದಾಗ ಯಾವುದೋ ಒಂದು ಸದ್ದು ಹೊರಡುತ್ತಿತ್ತು. ಅದು ಜನ ಸಹಜವಾಗಿ ಮಾತಾಡುವುದಿರಬಹುದು, ಸಿಂಹದ ಗುರುಗುಟ್ಟು, ನಾಯಿ ಬೊಗಳು ಅಥವಾ ಬಂದೂಕಿನ ಸದ್ದಿರಬಹುದು. ಹೋಲಿಕೆಗೆ ಹಕ್ಕಿಗಳ ದನಿಯೂ ಇತ್ತು. ಮನುಷ್ಯರ ಮಾತು ಕೇಳಿದಾಗ ಪ್ರಾಣಿಗಳು ಓಡಿಹೋಗುವ ಸಾಧ್ಯತೆ ಸಿಂಹದ ದನಿಗೆ ಹೋಲಿಸಿದರೆ ಸುಮಾರು ಎರಡರಷ್ಟಿತ್ತು. ಜಿರಾಫೆ, ಜೀಬ್ರಾ, ಘೇಂಡಾಮೃಗ, ಆನೆ, ಚಿರತೆ, ಎಲ್ಲವೂ ಓಡಿದವು. ಕೂಗಾಟ ಅಲ್ಲ, ಸುಮ್ನೆ ಮಾತು. ಇದನ್ನು ಓದಿದ ಮೇಲೆ ನಾನು ಸಫಾರಿ ಜೀಪಿನಲ್ಲಿ ಪಿಸುಮಾತಾಡುವುದನ್ನೂ ಬಿಟ್ಟಿದ್ದೇನೆ.

ಇಲ್ಲಿ ಹಕ್ಕಿಗಳ ದನಿ ಯಾಕೆ ಎಂದು ಹಲವರು ಕೇಳುತ್ತಾರೆ. ಸ್ಪೀಕರ್‌ನಿಂದ ಏನೋ ಸದ್ದು ಬಂತು ಅಂತಲೇ ಪ್ರಾಣಿ ಬೆದರಬಹುದಲ್ವಾ? ಆ ಸಂಶಯ ನಿವಾರಿಸಲು ಅದು ಬೇಕು.

ಗೇಟಿನ ವಿಷಯದಲ್ಲಿ ನಮ್ಮ ಕೈಯಲ್ಲಿ ಸ್ವಿಚ್ಚು ಇಲ್ಲ. ಆಗೇನು ಮಾಡುವುದು?

ಹೋಲಿಸಲು ಇನ್ನೊಂದು ರಸ್ತೆ ಬೇಕು. ರಾತ್ರಿ ತೆರೆದೇ ಇರುವ, ಅದೇ ಥರದ ಕಾಡಿನ ರಸ್ತೆ. ಎರಡೂ ಕಡೆ ಗೇಟು ಬೀಳುವ ಮೊದಲೂ ಆಮೇಲೂ ಎಣಿಸಬೇಕು.

ಲೆಕ್ಕ ತಿಳಿಯಲು ಸುಮ್ಮನೆ ಕೆಲವು ಸಂಖ್ಯೆ ಹಿಡಿಯೋಣ, ಇವು ನಿಜವಾದವಲ್ಲ. ಮುಚ್ಚಿದ ರಸ್ತೆಯಲ್ಲಿ ನೂರು ರಾತ್ರಿಗೆ 20 ಸಲ ಕಾಣುತ್ತಿದ್ದ ಆನೆ ಆಮೇಲೆ 50 ಸಲ ಕಂಡಿತು. 30 ಏರಿತು. ತೆರೆದ ರಸ್ತೆಯಲ್ಲೂ ಅದೇ ಅವಧಿಯಲ್ಲಿ 20 ಇದ್ದದ್ದು 32 ಆಯಿತು. ಅಂದರೆ ಗೇಟೇ ಇಲ್ಲದ ಕಡೆಯೂ 12 ಏರಿದೆ. ಮಳೆಯೋ ಬಿದಿರೋ ಮತ್ತೊಂದೋ ಕಾರಣ. 30ರಲ್ಲಿ 12 ಕಳೆದರೆ 18. ಗೇಟಿಗೆ ಸಲ್ಲಬೇಕಾದ್ದು ಇಷ್ಟೇ. ಇದನ್ನು ವ್ಯತ್ಯಾಸದ ವ್ಯತ್ಯಾಸ ಎನ್ನುತ್ತಾರೆ. 1850ರ ದಶಕದಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ನೀರಿನಿಂದ ಹರಡುತ್ತದೆ ಎಂದು ತೋರಿಸಿದ್ದು ಹೆಚ್ಚುಕಡಿಮೆ ಇದೇ ಜಾಡಿನಲ್ಲಿ. ಒಂದು ನೀರಿನ ಕಂಪನಿ ನದಿಯ ಮೇಲ್ಭಾಗಕ್ಕೆ ಹೋಗಿ ಶುದ್ಧ ನೀರು ಎತ್ತಿತು, ಇನ್ನೊಂದು ಕೊಳಕು ನೀರನ್ನೇ ಎತ್ತುತ್ತಿತ್ತು. ಇಬ್ಬರ ಗ್ರಾಹಕರನ್ನೂ ಅವರು ಹೋಲಿಸಿದರು.

ಇದರಲ್ಲಿ ಒಂದು ನಂಬಿಕೆ ಅಡಗಿದೆ. ಗೇಟು ಬೀಳದಿದ್ದರೆ ಎರಡೂ ರಸ್ತೆಗಳು ಒಂದೇ ರೀತಿ ಏರಿಳಿಯುತ್ತಿದ್ದವು ಎಂಬ ನಂಬಿಕೆ. ಅದನ್ನು ಪೂರ್ತಿ ಸಾಬೀತು ಮಾಡಲು ಆಗುವುದಿಲ್ಲ. ಹಿಂದಿನ ಹಲವು ವರ್ಷಗಳಲ್ಲಿ ಎರಡೂ ಜೊತೆಜೊತೆಯಾಗಿ ಸಾಗಿದ್ದವೇ ಎಂದು ನೋಡಬಹುದು. ಹಿಂದಿನ ಲೆಕ್ಕ ಇಲ್ಲದಿದ್ದರೆ ಅದೂ ಆಗದು.

ನಾಗರಹೊಳೆಯಲ್ಲಿ ಇದಕ್ಕೆ ಹತ್ತಿರದ ಒಂದು ಹೋಲಿಕೆ ನಡೆದಿದೆ. ಮೈಸೂರು–ಮಾನಂದವಾಡಿ ಹೆದ್ದಾರಿಯ ಒಂದು ಭಾಗ ವಾಹನಗಳಿಗೆ ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ವನ್ಯಜೀವಿ ಸಂಶೋಧಕ ಸಂಜಯ್ ಗುಬ್ಬಿ ಮತ್ತು ಜೊತೆಗಾರರು ಎರಡರ ಅಂಚಿನಲ್ಲೂ ಕ್ಯಾಮೆರಾ ಇಟ್ಟರು. ಗಾಡಿ ಜಾಸ್ತಿ ಇದ್ದ ಕಡೆ ಜಿಂಕೆ, ಕಾಟಿ, ಆನೆ ಕಡಿಮೆ ಕಂಡವು. 2012ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಇದು ಬಂತು. ಒಂದೇ ಕಾಡು, ಒಂದೇ ಕಾಲ, ಅಕ್ಕಪಕ್ಕದ ತುಂಡುಗಳು. ಹಾಗಾಗಿ ಮಳೆಯ ತಕರಾರು ಇಲ್ಲಿ ಏಳುವುದಿಲ್ಲ.

ಇನ್ನೊಂದು ರಸ್ತೆ ಯಾಕೆ? ಅದೇ ರಸ್ತೆಯ ಹಗಲನ್ನೇ ಹೋಲಿಕೆಗೆ ಇಟ್ಟುಕೊಂಡರಾಗದೇ? ಹಗಲು ಗಾಡಿ ಓಡುತ್ತವಲ್ಲ.

ಒಳ್ಳೆಯ ಯೋಚನೆ. ನಾನೂ ಒಮ್ಮೆ ಇದನ್ನೇ ಹಿಡಿದು ಹೊರಟು, ಸುಮಾರು ದೂರ ಹೋದ ಮೇಲೆ ತಪ್ಪು ಕಂಡಿತು.

ಆನೆಗೆ ಒಂದು ದಿನದಲ್ಲಿ ರಸ್ತೆಯ ಆಚೆ ಬದಿಯ ನೀರಿಗೆ ಹೋಗಬೇಕು. ಮೊದಲು ಹಗಲೂ ಗದ್ದಲ, ರಾತ್ರಿಯೂ ಗದ್ದಲ. ಸ್ವಲ್ಪ ಸಲ ಹಗಲು ದಾಟುತ್ತಿತ್ತು, ಸ್ವಲ್ಪ ಸಲ ರಾತ್ರಿ. ರಾತ್ರಿ ನಿಶ್ಶಬ್ದ ಆದ ಮೇಲೆ ಅದು ಹಗಲು ದಾಟುವುದನ್ನು ಬಿಟ್ಟು ರಾತ್ರಿಗೆ ಕಾಯುತ್ತದೆ. ರಾತ್ರಿಯ ಲೆಕ್ಕ ಏರಿತು, ಹಗಲಿನದು ಇಳಿಯಿತು. ಎರಡರ ಅಂತರ ತೆಗೆದರೆ ಒಂದೇ ಬದಲಾವಣೆಯನ್ನು ಎರಡು ಸಲ ಎಣಿಸಿದಂತೆ. ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೋಲಿಕೆಗೆ ಇಟ್ಟದ್ದಕ್ಕೂ ಗೇಟಿನ ಬಿಸಿ ತಟ್ಟಿದ್ದರೆ ಅದು ಹೋಲಿಕೆಗೆ ನಿಲ್ಲುವುದಿಲ್ಲ.

ಆನೆ ತಡೆಯಲು ಹಾಕುವ ರೈಲ್ವೆ ಕಂಬಿಯ ಬೇಲಿಯಲ್ಲೂ ಇದೇ ಕಥೆ. ಕಾಡಂಚಿನ ಒಂದು ಊರಿಗೆ ಬೇಲಿ ಬಂತು, ಪಕ್ಕದ ಊರಿಗೆ ಬರಲಿಲ್ಲ. ಬೇಲಿ ಇರುವ ಊರಲ್ಲಿ ಬೆಳೆ ಉಳಿಯಿತು, ಇಲ್ಲದ ಊರಲ್ಲಿ ಹಾಳಾಯಿತು. ಬೇಲಿ ಭಾರಿ ಕೆಲಸ ಮಾಡಿದೆ ಎಂದು ವರದಿ ಬರೆಯುವ ಮುನ್ನ ಒಂದು ನೋಡಿ. ಮೊದಲ ಊರಿಗೆ ಬರುತ್ತಿದ್ದ ಆನೆಗಳೇ ಬೇಲಿಯ ತುದಿ ಸುತ್ತಿ ಎರಡನೆಯ ಊರಿಗೆ ಹೋಗಿರಬಹುದು. ಹಾಗಾದರೆ ಬೇಲಿ ನಷ್ಟವನ್ನು ಕಡಿಮೆ ಮಾಡಿಲ್ಲ, ಒಬ್ಬ ರೈತನಿಂದ ಇನ್ನೊಬ್ಬ ರೈತನ ಹೊಲಕ್ಕೆ ದಾಟಿಸಿದೆ. ಇದು ಲೆಕ್ಕದ ಸೂಕ್ಷ್ಮವಷ್ಟೇ ಅಲ್ಲ, ನ್ಯಾಯದ ಪ್ರಶ್ನೆ ಕೂಡ. ಬೇಲಿಯಿಂದ ತುಂಬ ದೂರದ ಊರುಗಳನ್ನೂ ಹೋಲಿಕೆಗೆ ಸೇರಿಸಿದರೆ ಇದು ಬಯಲಾಗುತ್ತದೆ.

ಬಾಣದ ಚಿತ್ರ ಬಿಡಿಸಿ ಅನ್ನುತ್ತಾರಲ್ಲ, ಅದೇನು?

ಯಾವುದು ಯಾವುದಕ್ಕೆ ಕಾರಣ ಎಂದು ನೀವು ನಂಬಿದ್ದೀರೋ ಅದನ್ನು ಹಾಳೆಯ ಮೇಲೆ ಬಾಣ ಹಾಕಿ ಬರೆಯುವುದು. ಡೈರೆಕ್ಟೆಡ್ ಎಸೈಕ್ಲಿಕ್ ಗ್ರಾಫ್ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಇದನ್ನು ಡ್ಯಾಗ್ ಎನ್ನುತ್ತಾರೆ. ಇಂದಿನ ರೂಪ ಕೊಟ್ಟವರು ಕಂಪ್ಯೂಟರ್ ವಿಜ್ಞಾನಿ ಜೂಡಿಯಾ ಪರ್ಲ್. ಆದರೆ ಬೇರು ಜೀವಶಾಸ್ತ್ರದ್ದು. ಅಮೆರಿಕದ ತಳಿವಿಜ್ಞಾನಿ ಸೂವಲ್ ರೈಟ್ 1920ರ ಸುಮಾರಿಗೆ ಗಿನಿಯಿಲಿಗಳ ಮೈಬಣ್ಣಕ್ಕೆ ಏನೇನು ಕಾರಣ ಎಂದು ತಿಳಿಯಲು ಇಂಥ ಬಾಣಗಳನ್ನು ಬರೆದರು. ಪ್ರಾಣಿಗಳನ್ನು ನೋಡುತ್ತಾ ಹುಟ್ಟಿದ ವಿದ್ಯೆ ಬೇರೆ ಕಡೆಯೆಲ್ಲ ಸುತ್ತಿ ಈಗ ಕಾಡಿಗೆ ವಾಪಸ್ ಬಂದಿದೆ ಎನ್ನುವುದು ನನಗೆ ಖುಷಿಯ ವಿಷಯ.

ನಮ್ಮ ರಸ್ತೆಗೆ ಬರೆಯೋಣ. ಗಾಡಿಗಳಿಂದ ಆನೆಯ ನಡೆಗೆ ಒಂದು ಬಾಣ. ಬೇಸಿಗೆ ರಜೆಯಿಂದ ಗಾಡಿಗಳಿಗೆ ಒಂದು ಬಾಣ, ಏಪ್ರಿಲ್, ಮೇನಲ್ಲಿ ಊಟಿಗೆ ಹೋಗುವವರು ಜಾಸ್ತಿ. ಅದೇ ಬೇಸಿಗೆಯಿಂದ ನೀರಿಗೆ, ನೀರಿನಿಂದ ಆನೆಗೆ ಇನ್ನೊಂದು. ಈಗ ನೋಡಿ, ಬೇಸಿಗೆ ಎರಡೂ ಕಡೆ ಕೈ ಹಾಕಿದೆ. ಗಾಡಿಗೂ ಆನೆಗೂ ಸಂಬಂಧವೇ ಇಲ್ಲದಿದ್ದರೂ ಬೇಸಿಗೆಯ ದೆಸೆಯಿಂದ ಎರಡೂ ಒಟ್ಟಿಗೆ ಏರಿಳಿಯುತ್ತವೆ. ಇಂಥದ್ದನ್ನು ಕನ್‌ಫೌಂಡರ್ ಎನ್ನುತ್ತಾರೆ. ಇದನ್ನು ಲೆಕ್ಕಕ್ಕೆ ಸೇರಿಸಲೇಬೇಕು.

ಹಾಗಾದರೆ ಗೊತ್ತಿರುವುದನ್ನೆಲ್ಲ ಮಾಡೆಲ್‌ಗೆ, ಅಂದರೆ ಲೆಕ್ಕದ ಸೂತ್ರಕ್ಕೆ, ಹಾಕಿಬಿಟ್ಟರೆ ಸುರಕ್ಷಿತ ಅಲ್ವಾ?

ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಪ್ರವಾಸಿಗರ ಗದ್ದಲದಿಂದ ಜಿಂಕೆಗಳು ಒಂದು ಬಯಲನ್ನು ಬಿಟ್ಟವು, ಜಿಂಕೆ ಹೋದ್ದರಿಂದ ಹುಲಿಯೂ ಬರುವುದು ಬಿಟ್ಟಿತು ಎನ್ನೋಣ. ಪ್ರವಾಸಿಗರಿಂದ ಹುಲಿಗೆ ಆದ ಒಟ್ಟು ಪರಿಣಾಮ ಎಷ್ಟು ಎಂದು ಕೇಳುತ್ತಾ ಜಿಂಕೆಯ ಸಂಖ್ಯೆಯನ್ನೂ ಮಾಡೆಲ್‌ಗೆ ಸೇರಿಸಿದರೆ ಪರಿಣಾಮ ಮಾಯವಾಗುತ್ತದೆ. ಪರಿಣಾಮ ಸಾಗಿ ಬಂದ ದಾರಿಯನ್ನೇ ನಾವು ಮುಚ್ಚಿದಂತಾಯಿತು. ಪ್ರವಾಸಿಗರಿಂದ ಏನೂ ಆಗಿಲ್ಲ ಎಂಬ ಸುಳ್ಳು ಸಮಾಧಾನ ಸಿಗುತ್ತದೆ.

ಇನ್ನೊಂದು ಮೋಸ ಪರಿಹಾರದ ಅರ್ಜಿಗಳಲ್ಲಿದೆ. ಆನೆ ಬೆಳೆ ತುಳಿದದ್ದಕ್ಕೆ ಅರ್ಜಿ ಹಾಕಿದವರ ಪಟ್ಟಿ ಸುಲಭವಾಗಿ ಸಿಗುತ್ತದೆ. ಆದರೆ ಯಾರು ಅರ್ಜಿ ಹಾಕುತ್ತಾರೆ? ನಷ್ಟ ದೊಡ್ಡದಿದ್ದವರು, ಕಚೇರಿ ಹತ್ತಿರ ಇದ್ದವರು, ಅಲೆಯಲು ಸಮಯ ಇದ್ದವರು. ಹಾಡಿಯ ಹತ್ತಿರದ ಅರ್ಧ ಎಕರೆ ರಾಗಿಯವನು ಹಾಕದೇ ಇರಬಹುದು. ಅರ್ಜಿಗಳನ್ನಷ್ಟೇ ನೋಡಿದರೆ ರಸ್ತೆಗೆ ಹತ್ತಿರದ ಊರುಗಳಲ್ಲೇ ಆನೆ ಕಾಟ ಜಾಸ್ತಿ ಅನ್ನಿಸುತ್ತದೆ. ಅಲ್ಲಿ ಜಾಸ್ತಿ ಇದ್ದದ್ದು ಆನೆಯಲ್ಲ, ಬಸ್ಸಿನ ಸೌಕರ್ಯ.

ಪ್ರಯೋಗವೂ ಇಲ್ಲ, ಗೇಟೂ ಇಲ್ಲ. ಬೇರೆ ದಾರಿ ಇದೆಯಾ?

ಇದೆ, ಭಾನುವಾರ.

ಮಳೆಗೆ ವಾರ ಗೊತ್ತಿಲ್ಲ. ಹುಲ್ಲಿಗೆ, ಬಿದಿರಿಗೆ, ಬೆಳದಿಂಗಳಿಗೆ ವಾರ ಗೊತ್ತಿಲ್ಲ. ಏಳು ದಿನದ ಚಕ್ರ ಮನುಷ್ಯರು ಮಾಡಿಕೊಂಡದ್ದು. ಶನಿವಾರ, ಭಾನುವಾರ ಬೆಂಗಳೂರಿಂದ ಗಾಡಿಗಳ ಸಾಲು ಬರುತ್ತದೆ, ಮಂಗಳವಾರ ಇರುವುದಿಲ್ಲ. ಹಾಗಿರುವಾಗ ಕಡವೆಗಳು ವರ್ಷಪೂರ್ತಿ ವಾರದ ಕೊನೆಯಲ್ಲಿ ಮಾತ್ರ ರಸ್ತೆಯಿಂದ ದೂರ ಸರಿಯುತ್ತಿದ್ದರೆ, ಅದಕ್ಕೆ ಮನುಷ್ಯರಲ್ಲದೆ ಬೇರೆ ಕಾರಣ ಕೊಡುವುದು ಕಷ್ಟ. ಯಾವ ಖರ್ಚೂ ಇಲ್ಲದೆ ಸಿಗುವ ಪ್ರಯೋಗ ಇದು. ಹಳೆಯ ಕ್ಯಾಮೆರಾ ಡೇಟಾ ಇರುವವರೆಲ್ಲ ಒಮ್ಮೆ ವಾರದ ದಿನದ ಪ್ರಕಾರ ಬಿಡಿಸಿ ನೋಡಿ.

ಒಂದೇ ಎಚ್ಚರಿಕೆ. ವಾರದ ಕೊನೆಯಲ್ಲಿ ಗಾಡಿ ಜೊತೆಗೆ ಸಫಾರಿಯೂ ಜಾಸ್ತಿ, ರೆಸಾರ್ಟ್‌ನ ದೀಪವೂ ಜಾಸ್ತಿ. ಮನುಷ್ಯರಿಂದ ಎಂದು ಹೇಳಬಹುದು. ಮನುಷ್ಯರ ಯಾವ ಕೆಲಸದಿಂದ ಎಂದು ಹೇಳಲು ಇನ್ನಷ್ಟು ಬೇಕು.

ಲಾಕ್‌ಡೌನ್‌ನಲ್ಲಿ ಪ್ರಾಣಿಗಳೆಲ್ಲ ಊರಿಗೆ ಬಂದವಲ್ಲ, ಅದೇ ದೊಡ್ಡ ಪ್ರಯೋಗ ಅಲ್ವಾ?

ಅರ್ಧ ಮಾತ್ರ ಹೌದು. 2020ರಲ್ಲಿ ವಿಜ್ಞಾನಿಗಳು ಮನುಷ್ಯರ ಓಡಾಟ ನಿಂತ ಆ ಬಿಡುವಿಗೆ ಆಂತ್ರೊಪಾಸ್ ಎಂದು ಹೆಸರಿಟ್ಟರು. ಪ್ರಪಂಚದ 43 ಜಾತಿಯ 2,300 ಸಸ್ತನಿಗಳ ಕಾಲರ್ (ಓಡಾಟ ತಿಳಿಸುವ ಕೊರಳಪಟ್ಟಿ) ಡೇಟಾ ಒಟ್ಟುಗೂಡಿಸಿದ ಅಧ್ಯಯನ 2023ರಲ್ಲಿ ಬಂತು. ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿದರು. ಕಟ್ಟುನಿಟ್ಟಿನ ಲಾಕ್‌ಡೌನ್ ಇದ್ದ ಕಡೆ ಪ್ರಾಣಿಗಳು ಹತ್ತು ದಿನದಲ್ಲಿ ಕ್ರಮಿಸುವ ಉದ್ದನೆಯ ಓಡಾಟಗಳು 73% ಹೆಚ್ಚಿದವು. ಮನುಷ್ಯರ ಚಟುವಟಿಕೆ ಹೆಚ್ಚಿರುವ ಕಡೆ ಪ್ರಾಣಿಗಳು ರಸ್ತೆಗಳಿಗೆ ಸರಾಸರಿ 36% ಹತ್ತಿರ ಬಂದವು. ಆದರೆ ಎಲ್ಲ ಜಾತಿಗಳೂ ಒಂದೇ ಥರ ನಡೆದುಕೊಳ್ಳಲಿಲ್ಲ.

ಫೋನಿನಲ್ಲಿ ಹರಿದಾಡಿದ ವಿಡಿಯೋಗಳ ಮಾತು ಬೇರೆ. ಆಗ ಎಲ್ಲರೂ ಮನೆಯಲ್ಲಿದ್ದರು, ಕಿಟಕಿಯಲ್ಲಿ ನೋಡುತ್ತಿದ್ದರು. ಮೊದಲೂ ಬರುತ್ತಿದ್ದ ಪ್ರಾಣಿ ಆಗ ಕಣ್ಣಿಗೆ ಬಿದ್ದಿರಬಹುದು. ಪ್ರಾಣಿ ಬದಲಾಯಿತೋ ನೋಡುವವರು ಬದಲಾದರೋ ಎಂಬುದನ್ನು ಯಾವಾಗಲೂ ಬೇರೆ ಮಾಡಿ ಕೇಳಬೇಕು.

ನಮ್ಮ ಕಡೆ ಆನೆಗಳು ಜನರಿಗೆ ಒಗ್ಗಿಕೊಂಡಿವೆ. ಇದು ಸಾಬೀತಾದ ಹಾಗೇ ಅಲ್ವಾ?

ಕೊಡಗು, ಸಕಲೇಶಪುರದ ತೋಟಗಳಲ್ಲಿ ಈ ಮಾತು ತುಂಬ ಕೇಳುತ್ತೇನೆ. ಇರಬಹುದು. ಆದರೆ ಮೂರು ಬೇರೆ ಕಥೆಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಒಂದು, ಅದೇ ಆನೆ ನಿಜಕ್ಕೂ ಹೆದರಿಕೆ ಬಿಟ್ಟಿದೆ. ಎರಡು, ಹೆದರುವ ಆನೆಗಳು ಜಾಗ ಖಾಲಿ ಮಾಡಿವೆ, ಧೈರ್ಯದವು ಮಾತ್ರ ಉಳಿದಿವೆ. ಯಾವ ಆನೆಯೂ ಬದಲಾಗಿಲ್ಲ, ಗುಂಪು ಬದಲಾಗಿದೆ. ಮೂರು, ಆನೆ ಹೆದರಿಕೆಯಿಂದಲೇ ಹೊತ್ತು ಬದಲಿಸಿದೆ. ಹಗಲು ಕಾಫಿ ಗಿಡಗಳ ನಡುವೆ ಸದ್ದಿಲ್ಲದೆ ನಿಂತು ರಾತ್ರಿ ಓಡಾಡುತ್ತದೆ. 2018ರಲ್ಲಿ ಆರು ಖಂಡಗಳ 76 ಅಧ್ಯಯನಗಳನ್ನು ಸೇರಿಸಿ 62 ಜಾತಿಯ ಸಸ್ತನಿಗಳನ್ನು ನೋಡಿದಾಗ, ಜನರ ಕಾಟ ಇರುವ ಕಡೆ ರಾತ್ರಿ ಚಟುವಟಿಕೆ 1.36 ಪಟ್ಟು ಇತ್ತು. ಹಗಲು ಅರ್ಧ ರಾತ್ರಿ ಅರ್ಧ ಓಡಾಡುತ್ತಿದ್ದ ಪ್ರಾಣಿ ಈಗ 68% ರಾತ್ರಿಯೇ ಓಡಾಡುತ್ತದೆ ಎಂದರ್ಥ.

ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಬೇರೆ ಮಾಡಬೇಕಾದರೆ ಒಂದೊಂದು ಆನೆಯನ್ನೂ ಗುರುತಿಟ್ಟು ವರ್ಷಗಟ್ಟಲೆ ಹಿಂಬಾಲಿಸಬೇಕು. ಕಿವಿಯ ಹರುಕು, ದಂತದ ಆಕಾರ, ರೇಡಿಯೊ ಕಾಲರ್, ಯಾವುದಾದರೂ ಸರಿ.

ಯಾವ ಸಾಫ್ಟ್‌ವೇರ್ ಬಳಸಬೇಕು?

ಬಾಣದ ಚಿತ್ರಕ್ಕೆ ಡ್ಯಾಗಿಟಿ, ಒಂದೇ ಥರದ ಜಾಗಗಳನ್ನು ಹೋಲಿಕೆಗೆ ಜೋಡಿ ಹೊಂದಿಸಲು ಮ್ಯಾಚ್‌ಇಟ್. ಎರಡೂ ಪುಕ್ಕಟೆ, ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಸಿಗುತ್ತವೆ. ಪೈಥಾನ್ ಬಲ್ಲವರಿಗೆ ಡೂವೈ ಇದೆ. ಮೊದಲ ತಿಂಗಳು ಕಾಗದ, ಪೆನ್ಸಿಲ್ ಸಾಕು.

ಸುತ್ತಿ ಬಳಸದೆ ಹೇಳಿ. ರಾತ್ರಿ ಗೇಟು ಕೆಲಸ ಮಾಡಿದೆಯಾ?

ನನ್ನ ಉತ್ತರ ಹೌದು. ರಾತ್ರಿ ಗಾಡಿಗೆ ಸಿಕ್ಕಿ ಸಾಯುವ ವಿಷಯಕ್ಕೆ ಸ್ಟ್ಯಾಟಿಸ್ಟಿಕ್ಸ್ ಬೇಕಿಲ್ಲ. ಗಾಡಿಯೇ ಹೆಚ್ಚುಕಡಿಮೆ ಇಲ್ಲದ ರಸ್ತೆಯಲ್ಲಿ ಗಾಡಿ ಹೊಡೆಯುವುದೂ ಅಪರೂಪ. ನಡವಳಿಕೆಯ ವಿಷಯದಲ್ಲಿ ನಾಗರಹೊಳೆಯ ಹೋಲಿಕೆ, ಇಡಾಹೊದ ಸ್ಪೀಕರ್, ಕ್ರೂಗರ್‌ನ ದನಿಗಳು ಎಲ್ಲ ಒಂದೇ ಕಡೆ ಬೆರಳು ಮಾಡುತ್ತವೆ. ಬೇರೆ ಬೇರೆ ದೋಷಗಳಿರುವ ವಿಧಾನಗಳು ಒಂದೇ ಉತ್ತರ ಕೊಟ್ಟಾಗ ನನ್ನ ನಂಬಿಕೆ ಗಟ್ಟಿಯಾಗುತ್ತದೆ.

ಆದರೆ ಎಷ್ಟರ ಮಟ್ಟಿಗೆ ಎಂಬುದಕ್ಕೆ ಗೇಟು ಬೀಳುವ ಮುಂಚಿನ ಲೆಕ್ಕ ಬೇಕು. ಬಂಡೀಪುರದ ಮೂಲಕ ಎತ್ತರಿಸಿದ ರಸ್ತೆ ಮಾಡುವ ಪ್ರಸ್ತಾವ ಆಗಾಗ ತಲೆ ಎತ್ತುತ್ತದೆ. ಅಂಥದ್ದೇನಾದರೂ ಬರುವ ಸೂಚನೆ ಇದ್ದರೆ ಕ್ಯಾಮೆರಾ ಇಡಬೇಕಾದದ್ದು ಇವತ್ತು. ಕಂಬ ನಿಂತ ಮೇಲೆ ಇಟ್ಟರೆ ಹಿಂದಿನ ಕಾಡು ಹೇಗಿತ್ತು ಎಂದು ಹೇಳುವವರು ಯಾರೂ ಇರುವುದಿಲ್ಲ.

ನಾನು ವಿಜ್ಞಾನಿ ಅಲ್ಲ, ಕಾಡಂಚಿನ ರೈತ. ನನ್ನಿಂದ ಏನಾದರೂ ಆಗುತ್ತದಾ?

ತುಂಬಾ ಆಗುತ್ತದೆ. ಒಂದು ನೋಟ್‌ಬುಕ್ ಇಡಿ. ಆನೆ ಬಂದ ತಾರೀಖು, ಹೊತ್ತು, ಯಾವ ಕಡೆಯಿಂದ ಬಂತು, ಆ ದಿನ ಮಳೆ ಇತ್ತಾ, ಹೊಲದಲ್ಲಿ ಏನಿತ್ತು, ಸೋಲಾರ್ ಬೇಲಿಯಲ್ಲಿ ಕರೆಂಟ್ ಇತ್ತಾ ಎಂದು ಬರೆಯಿರಿ. ಆನೆ ಬಾರದ ರಾತ್ರಿಗಳನ್ನೂ ಬಿಡಬೇಡಿ. ಕಾದು ಕೂತಿದ್ದೆ, ಬರಲಿಲ್ಲ ಎಂದು ಬರೆಯಿರಿ. ಕಾಯದೆ ಮಲಗಿದ್ದರೆ ಮಲಗಿದ್ದೆ ಎಂದೇ ಬರೆಯಿರಿ. ಬಂದ ರಾತ್ರಿಗಳ ಪಟ್ಟಿ ಎಷ್ಟೋ ಜನರ ಹತ್ತಿರ ಇದೆ. ಬಾರದ ರಾತ್ರಿಗಳ ಪಟ್ಟಿ ಯಾರ ಹತ್ತಿರವೂ ಸಿಗುವುದಿಲ್ಲ, ಹೋಲಿಕೆಗೆ ನಮಗೆ ಬೇಕಾದದ್ದು ಅದೇ.